ಶಿಲಾಬಲದ ನಕ್ಷೆ ಮತ್ತು ಬಂಡೆ ಉರುಳುವ ಅಪಾಯ: ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆ

ಶಿಲಾಬಲದ ನಕ್ಷೆ ಎಂದರೆ ಒಂದು ಸೀಮೆಯ ಬಂಡೆ ಎಲ್ಲೆಲ್ಲಿ ಎಷ್ಟು ಒತ್ತಡ ತಾಳುತ್ತದೆ ಎಂಬುದನ್ನು ಅಳೆದು ಬಣ್ಣಗಳಲ್ಲಿ ತೋರಿಸುವ ನಕ್ಷೆ. ಕಡಿದಾದ ಗೋಡೆಯ ಕೆಳಗಿರುವ ರಸ್ತೆ, ಮನೆ, ತೀರಗಳ ಮೇಲೆ ಬಂಡೆ ಬೀಳುವ ಸಂಭವ ಎಷ್ಟು ಎಂದು ತೂಗಿ ನೋಡಲು ಇದನ್ನು ಬಳಸುತ್ತಾರೆ. ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪಗಳಲ್ಲಿ ಇದಕ್ಕೆ ವಿಶೇಷ ಬೇಡಿಕೆ. ಸುತ್ತಿಗೆಗೂ ಜಗ್ಗದ ಲಾವಾ ಮತ್ತು ಉಗುರಿನಿಂದ ಕೆರೆಯಬಹುದಾದ ಬೂದಿ ಅಲ್ಲಿ ಒಂದೇ ಗೋಡೆಯಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ವಿಜಯಪುರ ನಗರ, ಅದರ ಪಶ್ಚಿಮಕ್ಕಿರುವ ತಿಕೋಟಾ, ನೈರುತ್ಯಕ್ಕಿರುವ ಬಬಲೇಶ್ವರ ಈ ಮೂರೂ ಸಮುದ್ರದಿಂದ ಬಹುದೂರದ ಬಯಲು. ಆದರೂ ಇಲ್ಲಿನ ನೆಲ ಅಂಥ ದ್ವೀಪಗಳ ನೆಲದ ಹಾಗೆಯೇ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ. ಈ ಲೇಖನದ ವಾದ ಇಷ್ಟು: ಪದರಗಟ್ಟಿದ ಲಾವಾ ನೆಲದಲ್ಲಿ ಕಲ್ಲಿನ ಗಟ್ಟಿತನದ ನಕ್ಷೆಯನ್ನೇ ಸುರಕ್ಷತೆಯ ನಕ್ಷೆ ಎಂದು ಓದಿದರೆ ದಾರಿ ತಪ್ಪುತ್ತದೆ. ಬೀಳುವುದು ಬಹುಪಾಲು ಗಟ್ಟಿ ಕಲ್ಲೇ. ಬೀಳಿಸುವುದು ಅದರೊಳಗಿನ ಸೀಳು ಮತ್ತು ಅದರ ಕೆಳಗಿನ ಮೆತ್ತನೆಯ ಪದರ. ಆದ್ದರಿಂದ ಈ ಸೀಮೆಯ ನಕ್ಷೆಯನ್ನು ಪದರಗಳ ಲೆಕ್ಕದಲ್ಲಿ ಬರೆಯಬೇಕು, ಮನುಷ್ಯ ಕಡಿದ ಬಾವಿ, ಖಣಿ, ಕಾಲುವೆಗಳ ಗೋಡೆಗಳಿಗೆ ಹಿಡಿದು ಓದಬೇಕು.

ದ್ವೀಪಗಳ ಅನುಭವದಿಂದಲೇ ಮೊದಲುಮಾಡಬಹುದು. ಹವಾಯಿಯ ಓಹಾಹು ದ್ವೀಪದಲ್ಲಿ ಸೇಕ್ರೆಡ್ ಫಾಲ್ಸ್ ಎಂಬ ಜಲಪಾತದ ಕಣಿವೆಯಿದೆ. 1999ರ ಮೇ 9ರಂದು ಅಲ್ಲಿನ ಕಡಿದಾದ ಗೋಡೆಯಿಂದ ಬಂಡೆಗಳು ಕಳಚಿ 8 ಪ್ರವಾಸಿಗರು ಸತ್ತರು. ಆ ಕಣಿವೆಯ ಉದ್ಯಾನವನ್ನು ಅಂದೇ ಮುಚ್ಚಲಾಯಿತು. ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ಲಾಸ್ ಹಿಗಾಂಟೆಸ್ ಬಳಿ 2009ರ ನವೆಂಬರ್ 1ರಂದು ಕಡಲತೀರದಲ್ಲಿದ್ದ ಇಬ್ಬರು ಮಹಿಳೆಯರ ಮೇಲೆ ಬಂಡೆ ಕುಸಿಯಿತು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕಥೆ ನಮಗೆ ಇನ್ನೂ ಹತ್ತಿರದ್ದು. ರಾಜಧಾನಿ ಸಾಂ ದನಿಯಿಂದ ಪಶ್ಚಿಮಕ್ಕೆ ಹೋಗುವ ಕರಾವಳಿ ರಸ್ತೆ ಲಾವಾ ಪದರಗಳ ಎತ್ತರದ ಗೋಡೆಯ ಬುಡದಲ್ಲೇ ಸಾಗುತ್ತಿತ್ತು. 2006ರ ಮಾರ್ಚ್ 24ರಂದು ಗೋಡೆಯ ದೊಡ್ಡ ಭಾಗ ರಸ್ತೆಯ ಮೇಲೆ ಕುಸಿದು ಸಾವು ಸಂಭವಿಸಿತು. ಬಲೆ ಹಾಕಿದರು, ಕಾವಲು ಇಟ್ಟರು, ಮಳೆ ಹೆಚ್ಚಾದಾಗ ರಸ್ತೆ ಮುಚ್ಚಿದರು. ಕಡೆಗೆ ಬಂಡೆಯ ಸಹವಾಸವೇ ಬೇಡವೆಂದು ಸಮುದ್ರದೊಳಗೆ ಕಂಬ ನಿಲ್ಲಿಸಿ ಸುಮಾರು 5.4 ಕಿ.ಮೀ. ಉದ್ದದ ಸೇತುವೆ ಕಟ್ಟಿದರು. 2022ರ ಆಗಸ್ಟಿನಲ್ಲಿ ಅದು ಸಂಚಾರಕ್ಕೆ ತೆರೆಯಿತು. ರಿಯೂನಿಯನ್ನಿನ ಅಡಿಯಲ್ಲಿ ಇಂದಿಗೂ ಉರಿಯುತ್ತಿರುವ ಭೂಗರ್ಭದ ಬಿಸಿತಾಣವೇ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಭಾರತದ ಭೂಫಲಕ ಅದರ ಮೇಲೆ ಹಾದುಹೋಗುವಾಗ, ದಖ್ಖಣದ ಲಾವಾವನ್ನು ಹೊರಚೆಲ್ಲಿತು ಎಂಬುದು ಬಹುಪಾಲು ಭೂವಿಜ್ಞಾನಿಗಳು ಒಪ್ಪುವ ವಿವರಣೆ. ಹಾಗಿದ್ದರೆ ಆ ದ್ವೀಪದ ರಸ್ತೆಯ ಮೇಲೆ ಬಿದ್ದ ಕಲ್ಲೂ ತಿಕೋಟಾದ ಬಾವಿಯಲ್ಲಿ ಬೀಳುವ ಕಲ್ಲೂ ಒಂದೇ ಕುಲುಮೆಯವು.

ದಖ್ಖಣದ ಈ ಲಾವಾ ನೆಲ ಈಗ ಉಳಿದಿರುವುದು ಸುಮಾರು 5 ಲಕ್ಷ ಚದರ ಕಿ.ಮೀ. ಪಶ್ಚಿಮಘಟ್ಟದಲ್ಲಿ ಅದರ ದಪ್ಪ ಸಾವಿರ ಮೀಟರುಗಳನ್ನು ದಾಟುತ್ತದೆ. ಪೂರ್ವಕ್ಕೂ ಆಗ್ನೇಯಕ್ಕೂ ಬಂದಂತೆ ತೆಳುವಾಗುತ್ತದೆ. ವಿಜಯಪುರ ಜಿಲ್ಲೆ ಈ ಹಾಸಿನ ದಕ್ಷಿಣದ ಅಂಚು. ತಾಳಿಕೋಟೆಯ ಕಡೆ ಸುಣ್ಣಕಲ್ಲು, ಮುದ್ದೇಬಿಹಾಳದ ಕಡೆ ಗ್ರಾನೈಟು, ಕೃಷ್ಣೆಯ ಆಚೆ ಬಾಗಲಕೋಟೆಯ ಮರಳುಗಲ್ಲು ಕಾಣಿಸಿಕೊಳ್ಳುತ್ತವೆ. ವಿಜಯಪುರ, ತಿಕೋಟಾ, ಬಬಲೇಶ್ವರ ತಾಲೂಕುಗಳ ನೆಲವಾದರೋ ಮುಖ್ಯವಾಗಿ ಬಸಾಲ್ಟ್, ಜನರ ಮಾತಿನಲ್ಲಿ ಕರಿಕಲ್ಲು. ಮೇಲೆ ಹರಡಿರುವ ಎರೆಮಣ್ಣು ಈ ಕಲ್ಲು ಕೊಳೆತು ಆದದ್ದು. ಡೋಣಿ ನದಿಯ ಇಕ್ಕೆಲದಲ್ಲಿ ಆ ಎರೆ ಆಳವಾಗಿದೆ. ದಿಣ್ಣೆಯ ಮೇಲಿನ ಮಡ್ಡಿಯಲ್ಲಿ ಗೇಣುದ್ದ ಅಗೆಯುವುದರೊಳಗೆ ಗುದ್ದಲಿ ಕಲ್ಲಿಗೆ ತಾಗುತ್ತದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಪದರಗಳು ಹೆಚ್ಚುಕಡಿಮೆ ಅಡ್ಡಲಾಗಿ, ಮಟ್ಟಸವಾಗಿ ಮಲಗಿವೆ. ಈ ಮಟ್ಟಸ ಮುಂದೆ ನಮ್ಮ ವಾದಕ್ಕೆ ಬೇಕಾಗುತ್ತದೆ.

ಒಂದು ತೋಡುಬಾವಿಯ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಲಾವಾದ ರಚನೆ ಕಣ್ಣಿಗೆ ಕಟ್ಟುತ್ತದೆ. ಬಾಯಿಯಲ್ಲಿ ಎರೆ. ಅದರ ಕೆಳಗೆ ಗರಸು, ಅಂದರೆ ಅರ್ಧ ಕೊಳೆತ ಕಲ್ಲು. ಅದರೊಳಗೆ ಅಲ್ಲಲ್ಲಿ ಕೊಳೆಯದೆ ಉಳಿದ ಗುಂಡುಗಳು, ಅವುಗಳ ಸುತ್ತ ಉಳ್ಳಾಗಡ್ಡಿಯ ಸಿಪ್ಪೆಯಂತೆ ಬಿಡಿಸಿಕೊಳ್ಳುವ ಪೊರೆ. ಆಮೇಲೆ ಲಾವಾ ಹರಿವಿನ ಮೇಲ್ಪದರ: ಅನಿಲದ ಗುಳ್ಳೆಗಳಿದ್ದ ತೂತುಗಳಲ್ಲಿ ಬಿಳಿಯ ಜಿಯೋಲೈಟೋ ಕ್ಯಾಲ್ಸೈಟೋ ತುಂಬಿಕೊಂಡು ಚುಕ್ಕೆ ಚುಕ್ಕೆಯಾಗಿ ಕಾಣುವ ಕಲ್ಲು. ಅದರ ಕೆಳಗೆ ಹರಿವಿನ ನಡುಭಾಗ: ನಿಧಾನವಾಗಿ ಆರಿದ್ದರಿಂದ ಒತ್ತಾದ, ನೀಲಿಗಪ್ಪು ಕಲ್ಲು. ಆರುವಾಗ ಕುಗ್ಗಿದ್ದರಿಂದ ಇದರಲ್ಲಿ ನೆಟ್ಟಗೆ ನಿಂತ ಸೀಳುಗಳಿರುತ್ತವೆ; ಗೋಡೆ ಕಂಬಗಳ ಸಾಲಾಗಿ ಒಡೆದಿರುತ್ತದೆ. ಇದರ ಬುಡದಲ್ಲಿ, ಎಲ್ಲ ಕಡೆಯೂ ಅಲ್ಲ, ಆದರೆ ಹಲವು ಕಡೆ, ಇಟ್ಟಿಗೆ ಬಣ್ಣದ ಒಂದು ಪಟ್ಟಿ ಕಾಣುತ್ತದೆ. ಭೂವಿಜ್ಞಾನಿಗಳು ಇದನ್ನು ರೆಡ್ ಬೋಲ್ ಎನ್ನುತ್ತಾರೆ. ಒಂದು ಹರಿವು ತಣಿದು, ಮುಂದಿನದು ಬರುವ ತನಕದ ಬಿಡುವಿನಲ್ಲಿ ಮೇಲ್ಮೈ ಕೊಳೆತು ಮಣ್ಣಾಗಿ, ಮೇಲಿಂದ ಬಂದ ಬಿಸಿ ಲಾವಾದಡಿ ಬೆಂದದ್ದು ಇದು. ದಪ್ಪ ಕೆಲವು ಬೆರಳಿನಿಂದ ಒಂದೆರಡು ಮೀಟರಿನವರೆಗೆ. ಅದರ ಕೆಳಗೆ ಇನ್ನೊಂದು ಹರಿವಿನ ಚುಕ್ಕೆಕಲ್ಲು, ಮತ್ತೆ ಅದೇ ಕ್ರಮ.

ಈ ಪದರಗಳ ಬಲವನ್ನು ಅಳೆಯುವ ಸಾಧನಗಳು ಸರಳ. ಸ್ಮಿತ್ ಸುತ್ತಿಗೆಯನ್ನು ಸ್ವಿಟ್ಜರ್ಲೆಂಡಿನ ಅರ್ನ್ಸ್ಟ್ ಸ್ಮಿತ್ 1940ರ ದಶಕದ ಕೊನೆಯಲ್ಲಿ ಕಾಂಕ್ರೀಟಿನ ಪರೀಕ್ಷೆಗೆಂದು ರೂಪಿಸಿದ. ಸ್ಪ್ರಿಂಗಿನ ಗುದ್ದು ಕಲ್ಲಿಗೆ ಬಡಿದು ಎಷ್ಟು ಪುಟಿಯುತ್ತದೆ ಎಂಬ ಸಂಖ್ಯೆ ಅದರಲ್ಲಿ ಮೂಡುತ್ತದೆ. ಇನ್ನೊಂದು ಬಿಂದುಭಾರ ಪರೀಕ್ಷೆ: ಕಲ್ಲಿನ ತುಣುಕನ್ನು ಎರಡು ಮೊನೆಗಳ ನಡುವೆ ಒತ್ತಿ ಒಡೆದು, 50 ಮಿ.ಮೀ. ಗಾತ್ರಕ್ಕೆ ಸರಿಹೊಂದಿಸಿ, ಬಂದ ಸಂಖ್ಯೆಯನ್ನು 20-25ರಿಂದ ಗುಣಿಸಿದರೆ ಒತ್ತುಬಲದ ಅಂದಾಜು ಸಿಗುತ್ತದೆ. ಮೂರನೆಯದು ಪ್ರಯೋಗಾಲಯದಲ್ಲಿ ಕಲ್ಲಿನ ಉರುಳೆಯನ್ನು ನೇರವಾಗಿ ಒತ್ತಿ ಪುಡಿ ಮಾಡುವುದು. ಸಾಮಾನ್ಯವಾಗಿ ಒತ್ತಾದ ಬಸಾಲ್ಟಿನ ಒತ್ತುಬಲ 100 ಮೆಗಾಪ್ಯಾಸ್ಕಲಿನಿಂದ 200ರ ಮೇಲಕ್ಕೂ ಹೋಗುತ್ತದೆ. ಚುಕ್ಕೆಕಲ್ಲು ಅದರ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಯುತ್ತದೆ. ಕೆಂಪು ಪದರ ಹಲವು ವೇಳೆ ಹತ್ತರ ಆಸುಪಾಸು, ನೆನೆದರೆ ಇನ್ನೂ ಕೆಳಗೆ. ಮನೆ ಕಟ್ಟಲು ಬಳಸುವ ಎಂ-20 ಕಾಂಕ್ರೀಟಿನ ಬಲ 20 ಮೆಗಾಪ್ಯಾಸ್ಕಲ್ ಎಂಬುದನ್ನು ನೆನೆದರೆ ಕರಿಕಲ್ಲಿನ ಗಟ್ಟಿತನ ಎಷ್ಟೆಂದು ತಿಳಿಯುತ್ತದೆ.

ಇಲ್ಲೇ ಒಂದು ಲೆಕ್ಕ ಮಾಡಬೇಕು; ಈ ಲೇಖನದ ಮುಖ್ಯ ಸಾಕ್ಷ್ಯ ಅದೇ. ಒತ್ತಾದ ಬಸಾಲ್ಟಿನ ಒಂದು ಘನ ಮೀಟರ್ ತೂಕ ಸುಮಾರು 2.8 ಟನ್. 10 ಮೀಟರ್ ಎತ್ತರದ ನೆಟ್ಟನೆಯ ಗೋಡೆಯ ಬುಡದಲ್ಲಿ ಅದರ ಸ್ವಂತ ಭಾರದಿಂದ ಬೀಳುವ ಒತ್ತಡ ಸುಮಾರು 0.27 ಮೆಗಾಪ್ಯಾಸ್ಕಲ್. ಕಲ್ಲು ತಾಳಬಲ್ಲದ್ದು ನೂರು. ಅಂದರೆ ಕಲ್ಲು ತನ್ನ ಬಲದ ಮುನ್ನೂರೈವತ್ತನೇ ಒಂದು ಪಾಲನ್ನೂ ಬಳಸುತ್ತಿಲ್ಲ. ಹತ್ತು ಮೆಗಾಪ್ಯಾಸ್ಕಲಿನ ಒಣ ಕೆಂಪು ಪದರ ಕೂಡ ಈ ಭಾರವನ್ನು ಸುಲಭವಾಗಿ ಹೊರುತ್ತದೆ. ಹಾಗಾದರೆ ಬಾವಿಯ ಗೋಡೆ ಕಲ್ಲು ಪುಡಿಯಾಗಿ ಬೀಳುವುದಿಲ್ಲ. ಪುಡಿಯಾಗುವ ಮಾತೇ ಇಲ್ಲ. ಗಟ್ಟಿತನದ ಸಂಖ್ಯೆ ಇನ್ನೂರಿದ್ದರೇನು, ನೂರಿದ್ದರೇನು, ಇಷ್ಟು ಎತ್ತರದ ಗೋಡೆಗೆ ಅದರಿಂದ ಆಗುವ ವ್ಯತ್ಯಾಸ ಶೂನ್ಯದ ಹತ್ತಿರ. ರಿಯೂನಿಯನ್ನಿನ 200 ಮೀಟರ್ ಎತ್ತರದ ಗೋಡೆಯಲ್ಲಿ ಬುಡದ ಒತ್ತಡ ಐದೂವರೆ ಮೆಗಾಪ್ಯಾಸ್ಕಲ್ ಆಗುತ್ತದೆ. ನಡುವೆ ಬೂದಿಯ ಪದರವಿದ್ದರೆ ಅದು ನಿಜಕ್ಕೂ ನುಜ್ಜಾಗುವ ಹಂತಕ್ಕೆ ಬರಬಹುದು. ಆದ್ದರಿಂದ ದ್ವೀಪಗಳಲ್ಲಿ ಶಿಲಾಬಲದ ನಕ್ಷೆಗೆ ಇರುವ ಬೆಲೆಯನ್ನು ಹಾಗೆಯೇ ತಂದು ವಿಜಯಪುರದ ಬಯಲಿಗೆ ಅಂಟಿಸಲಾಗದು. ತಗ್ಗು ಗೋಡೆಗಳ ಸೀಮೆಯಲ್ಲಿ ಬೇಕಾದ ಸಂಖ್ಯೆಗಳೇ ಬೇರೆ.

ಬೀಳುವ ಬಗೆಯನ್ನು ಹತ್ತಿರದಿಂದ ನೋಡಿದರೆ ಆ ಸಂಖ್ಯೆಗಳು ಯಾವುವೆಂದು ತಿಳಿಯುತ್ತದೆ. ಕೆಂಪು ಪದರದಲ್ಲಿ ನೀರು ಕುಡಿದು ಉಬ್ಬುವ, ಆರಿದಾಗ ಕುಗ್ಗುವ ಜೇಡಿ ಇರುತ್ತದೆ. ಮಳೆಗಾಲದಲ್ಲಿ ಬಾವಿಯ ನೀರು ಅದರ ಮೇಲೆ ಏರುತ್ತದೆ, ಬೇಸಿಗೆಯಲ್ಲಿ ಪಂಪು ಅದನ್ನು ಕೆಳಕ್ಕೆ ಎಳೆಯುತ್ತದೆ. ಪ್ರತಿ ಏರಿಳಿತಕ್ಕೂ ಪದರದ ಮುಖ ಚೂರು ಚೂರಾಗಿ ಉದುರಿ ಒಳಸರಿಯುತ್ತದೆ. ಮೇಲಿನ ಕರಿಕಲ್ಲಿನ ಕಂಬ ಮುಂದಕ್ಕೆ ಚಾಚಿ ನಿಲ್ಲುತ್ತದೆ. ಆ ಕಂಬದ ಹಿಂದೆಯೂ ಪಕ್ಕದಲ್ಲಿಯೂ ತಣಿಯುವಾಗಲೇ ಆದ ಸೀಳುಗಳಿವೆ. ಗೋಡೆಗೆ ಅದನ್ನು ಹಿಡಿದಿಡುವ ಬೆಸುಗೆ ಇಲ್ಲ. ಕಂಬದ ದಪ್ಪ 60 ಸೆಂ.ಮೀ. ಎಂದಿಟ್ಟುಕೊಳ್ಳಿ. ಅಡಿಯ ಪದರ 30 ಸೆಂ.ಮೀ. ಒಳಸರಿದ ಕೂಡಲೇ ಕಂಬದ ಭಾರದ ಕೇಂದ್ರ ಆಧಾರದಿಂದ ಹೊರಬೀಳುತ್ತದೆ, ಕಂಬ ಬಾವಿಯತ್ತ ಮಗುಚುತ್ತದೆ. ಈ ಲೆಕ್ಕದಲ್ಲಿ ಕಲ್ಲಿನ ಒತ್ತುಬಲ ಎಲ್ಲಿಯೂ ಬರಲಿಲ್ಲ. ಬಂದದ್ದು ಎರಡೇ: ಸೀಳುಗಳ ನಡುವಿನ ಅಂತರ, ಬುಡ ಒಳಸರಿದ ಆಳ. ಬಲದ ನಕ್ಷೆಯಲ್ಲಿ ಅತ್ಯಂತ ಗಟ್ಟಿ ಎಂದು ಕಡುಬಣ್ಣ ಬಳಿಯುವ ಪದರವೇ ಇಲ್ಲಿ ಬೀಳುವ ಪದರ. ಮೆತ್ತಗಿರುವ ಗರಸಾದರೆ ಚೂರಾಗಿ ಜಾರುತ್ತದೆ, ಅದರೊಳಗಿನ ಗುಂಡುಗಳ ಹೊರತು ಇಡಿಯಾಗಿ ಎರಗುವುದು ಕಡಿಮೆ. ಗಟ್ಟಿ ಕಲ್ಲು ಇಡಿಯಾಗಿ ಬೀಳುತ್ತದೆ ಎಂಬುದೇ ಅದರ ಅಪಾಯ. ಒಂದಡಿ ಉದ್ದಗಲದ ಕರಿಕಲ್ಲಿನ ತುಂಡು ಸುಮಾರು 75 ಕಿಲೋ ತೂಗುತ್ತದೆ. 12 ಮೀಟರ್ ಮೇಲಿಂದ ಬಿದ್ದರೆ ತಳ ಮುಟ್ಟುವಾಗ ಅದರ ವೇಗ ಗಂಟೆಗೆ 55 ಕಿ.ಮೀ., ಶಕ್ತಿ ಸುಮಾರು 9,000 ಜೂಲ್. ಕೂಲಿಕಾರರ ಹೆಲ್ಮೆಟ್ಟನ್ನು ಪರೀಕ್ಷಿಸುವ ಹೊಡೆತ ಸುಮಾರು 50 ಜೂಲ್. ಬಾವಿಯ ತಳದಲ್ಲಿ ಹೂಳು ತೆಗೆಯುವವನಿಗೆ ಸರಿದು ನಿಲ್ಲಲು ಜಾಗವೂ ಇರುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಇದು ಬಯಲುಸೀಮೆ, ಇಲ್ಲಿ ಬಂಡೆ ಉರುಳುವ ಪ್ರಶ್ನೆಯೇ ಏಳುವುದಿಲ್ಲ ಎಂಬುದು. ಮೇಲ್ನೋಟಕ್ಕೆ ಇದು ಸರಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 2014ರಲ್ಲಿ ಕೈಗೆತ್ತಿಕೊಂಡ ರಾಷ್ಟ್ರೀಯ ಭೂಕುಸಿತ ಸಾಧ್ಯತಾ ನಕ್ಷೆಯ ಕೆಲಸ ಗುಡ್ಡಗಾಡು ಪ್ರದೇಶಗಳಿಗಾಗಿ, 1:50,000 ಅಳತೆಯಲ್ಲಿ ನಡೆದದ್ದು. ಕೊಡಗು, ಘಟ್ಟದ ತಾಲೂಕುಗಳಿಗೆ ಅದು ಸಲ್ಲುತ್ತದೆ. ಆದರೆ ಆ ಅಳತೆಯಲ್ಲಿ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ 50 ಮೀಟರ್. 10 ಮೀಟರ್ ಅಗಲದ ಬಾವಿ ಅಲ್ಲಿ ಪೆನ್ನಿನ ಚುಕ್ಕೆಗಿಂತ ಸಣ್ಣದು. ನಕ್ಷೆಯಲ್ಲಿ ಕಾಣದ್ದು ನೆಲದ ಮೇಲೂ ಇಲ್ಲ ಎಂದುಕೊಳ್ಳುವುದು ಸುಲಭ. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ತೋಟಗಳಿಗೂ ದಾಳಿಂಬೆ, ಲಿಂಬೆಗಳಿಗೂ ನೀರುಣಿಸಿದ ಬಾವಿಗಳು ಕಡಿದಾದ ಕಲ್ಲುಗೋಡೆಗಳೇ. ರಸ್ತೆಗೂ ಮನೆಗೂ ಖಡಿ ಒದಗಿಸುವ ಖಣಿಗಳು ಇನ್ನೂ ದೊಡ್ಡ ಗೋಡೆಗಳು. ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳ ಕಾಲುವೆಗಳು ಎತ್ತರದ ಮಡ್ಡಿಗೆ ಬಂದಲ್ಲಿ ಬಂಡೆಯನ್ನು ಸೀಳಿಕೊಂಡೇ ಸಾಗಬೇಕು. ಪ್ರಕೃತಿ ಈ ಸೀಮೆಗೆ ಕೊಡದ ಕಡಿದಾದ ಗೋಡೆಗಳನ್ನು ಜನ ತಾವೇ ಕಡಿದುಕೊಂಡಿದ್ದಾರೆ, ಅದೂ ದಿನವಿಡೀ ಮನುಷ್ಯರು ಕೆಲಸ ಮಾಡುವ ಜಾಗಗಳಲ್ಲಿ.

ಕಡಿದ ಗೋಡೆ ಎಷ್ಟು ಕೆಡುಕು ಮಾಡಬಲ್ಲದು ಎಂಬುದಕ್ಕೆ ಕೊಂಕಣ ರೈಲುಮಾರ್ಗ ಸಾಕ್ಷಿ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ರೈಲು ವೈಭವವಾಡಿಯ ಬಳಿ ಹಳಿಯ ಮೇಲೆ ಕುಸಿದಿದ್ದ ಬಂಡೆ-ಮಣ್ಣಿಗೆ ಬಡಿದು 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಜೂನ್ 16ರಂದು ಮಂಗಳೂರಿನಿಂದ ಮುಂಬಯಿಗೆ ಹೋಗುತ್ತಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ರಾಯಗಡ ಜಿಲ್ಲೆಯ ಕರಂಜಾಡಿ ಬಳಿ ಹಳಿಯ ಮೇಲಿದ್ದ ಬಂಡೆಗೆ ಬಡಿದು ಸೇತುವೆಯಿಂದ ಕೆಳಗುರುಳಿತು. ಮಳೆಯ ಪ್ರಮಾಣದಲ್ಲಿ ಕೊಂಕಣಕ್ಕೂ ವಿಜಯಪುರಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ಗುಡ್ಡ ಕಡಿದು ಮಾರ್ಗ ಮಾಡಿದ ಆ ಕಡೆಗಳಲ್ಲಿ ನಂತರ ಮಾಡಿದ್ದೇನು ಎಂದು ನೋಡಿ: ಗೋಡೆಯ ಇಳಿಜಾರನ್ನು ತಗ್ಗಿಸಿದರು, ಸಡಿಲ ಬಂಡೆ ಇಳಿಸಿದರು, ತಂತಿಬಲೆ ಹೊದಿಸಿದರು, ಮಳೆಗಾಲದಲ್ಲಿ ರೈಲಿನ ವೇಗ ಇಳಿಸಿ ಕಾವಲು ಹೆಚ್ಚಿಸಿದರು. ಕಲ್ಲಿನ ಗಟ್ಟಿತನವನ್ನು ಬದಲಿಸುವ ಉಪಾಯ ಇವುಗಳಲ್ಲಿ ಒಂದೂ ಇಲ್ಲ.

ಎರಡನೆಯ ಆಕ್ಷೇಪ ಇತಿಹಾಸದಿಂದ ಬರುತ್ತದೆ, ವಿಜಯಪುರದವರ ಬಾಯಲ್ಲಿ ಅದಕ್ಕೆ ತೂಕವೂ ಹೆಚ್ಚು. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಸುಮಾರು 10 ಕಿ.ಮೀ. ಸುತ್ತಳತೆಯ ಕೋಟೆ, ಅರ್ಧಕ್ಕೆ ನಿಂತರೂ ಕಮಾನು ಬಿಡದ ಬಾರಾ ಕಮಾನು, ಎಲ್ಲವೂ ಈ ಕರಿಕಲ್ಲಿನವೇ. ಗೋಳಗುಮ್ಮಟದ ಒಡೆಯ ಮುಹಮ್ಮದ್ ಆದಿಲ್ ಶಾಹ ಸತ್ತದ್ದು 1656ರಲ್ಲಿ. ಗೋಡೆಗಳು ಇಂದಿಗೂ ನಿಂತಿವೆ. ಇಂಥ ಕಲ್ಲಿಗೆ ಯಾವ ಅಪಾಯ ಎಂದು ಕೇಳುವವರಿದ್ದಾರೆ. ಉತ್ತರ ಆ ಕಟ್ಟಡಗಳಲ್ಲೇ ಇದೆ. ಕಟ್ಟಡಕ್ಕೆ ಹೋಗುವುದು ಆರಿಸಿದ ಕಲ್ಲು: ಹರಿವಿನ ನಡುಭಾಗದಿಂದ ತೆಗೆದು, ಸೀಳಿದ್ದನ್ನು ಬಿಟ್ಟು, ಚಾಣದಲ್ಲಿ ಮೈ ನಯಗೊಳಿಸಿ, ಗಾರೆಯಲ್ಲಿ ಕೂರಿಸಿದ್ದು. ಖಣಿಯ ಗೋಡೆಯಲ್ಲಿ ಉಳಿಯುವುದು ಬಿಟ್ಟ ಕಲ್ಲು. ಗುಮ್ಮಟದ ಗೋಡೆ ನೋಡಿ ಖಣಿಯ ಗೋಡೆಯನ್ನು ನಂಬುವುದು ಪರೀಕ್ಷೆಯಲ್ಲಿ ಪಾಸಾದವರನ್ನು ಮಾತ್ರ ಎಣಿಸಿ ಶಾಲೆಯ ಫಲಿತಾಂಶ ಹೇಳುವ ಲೆಕ್ಕ. ಆದಿಲ್ ಶಾಹಿ ಕೆಲಸಗಾರರಿಗೆ ಈ ವ್ಯತ್ಯಾಸ ಗೊತ್ತಿತ್ತೆಂದು ಅವರ ನೀರಿನ ಕಟ್ಟಡಗಳನ್ನು ನೋಡಿದರೆ ಅನ್ನಿಸುತ್ತದೆ. ತಾಜ್ ಬಾವಡಿ, ಚಾಂದ್ ಬಾವಡಿಗಳಂಥ ಅಗಲವಾದ ಬಾವಿಗಳಿಗೆ ಅವರು ಸುತ್ತ ಕಲ್ಲು ಕಟ್ಟಿದರು. ಕಡಿದ ಮುಖವನ್ನು ಬರಿದೇ ಬಿಡಲಿಲ್ಲ. ತೊರವಿಯ ಕಡೆಯಿಂದ ನಗರಕ್ಕೆ ನೀರು ತಂದ ಕರೇಜ್ ಸುರಂಗಗಳನ್ನು ನೆಲದೊಳಗೆ ಕಿರಿದಾಗಿ ಕೊರೆದು, ಅಲ್ಲಲ್ಲಿ ಗಾಳಿಬಾವಿ ಬಿಟ್ಟರು. ಸೀಳುಗಳ ಅಂತರ ಒಂದು ಮೀಟರಿನ ಆಸುಪಾಸು ಇದ್ದರೆ ಅಷ್ಟೇ ಅಗಲದ ಸುರಂಗದಲ್ಲಿ ಕಳಚಿಬೀಳಲು ಪೂರ್ತಿ ಬಿಡುಗಡೆಯಾದ ಬಂಡೆ ಸಿಗುವುದು ಅಪರೂಪ. ಅದೇ ಬಂಡೆಯಲ್ಲಿ ಹತ್ತು ಮೀಟರ್ ಅಗಲದ ಬಾವಿ ಕಡಿದರೆ ಸುತ್ತಲೂ ಹತ್ತಾರು ಸಿಗುತ್ತವೆ. ಒಂದೇ ಕಲ್ಲು ಒಂದು ಕಡೆ ನಾಲ್ಕು ಶತಮಾನ ನಿಂತದ್ದು, ಇನ್ನೊಂದು ಕಡೆ ನಾಲ್ಕು ವರ್ಷಕ್ಕೆ ಬಿದ್ದದ್ದು ಬಲದ ವ್ಯತ್ಯಾಸದಿಂದಲ್ಲ, ಬಾಯಿಯ ಅಗಲದ ವ್ಯತ್ಯಾಸದಿಂದ.

ಮೂರನೆಯ ಆಕ್ಷೇಪ ಎಂಜಿನಿಯರರದು, ಬಲವಾದದ್ದು. ಬರಿಯ ಒತ್ತುಬಲವನ್ನು ಈಗ ಯಾರೂ ನೆಚ್ಚುವುದಿಲ್ಲ. ಬೀನಿಯಾವ್‌ಸ್ಕಿ 1973ರಲ್ಲಿ ಮೊದಲುಮಾಡಿದ ಬಂಡೆರಾಶಿಯ ಅಂಕ, ಅದರಿಂದ ರೊಮಾನಾ 1985ರಲ್ಲಿ ಇಳಿಜಾರುಗಳಿಗೆಂದು ರೂಪಿಸಿದ ಅಂಕ, ಹೂಕ್‌ನ ಭೂವೈಜ್ಞಾನಿಕ ಬಲಸೂಚಿ ಇವೆಲ್ಲ ಸೀಳುಗಳನ್ನು, ಮೊದಲೆರಡು ನೀರನ್ನೂ ಸೇರಿಸಿಯೇ ಲೆಕ್ಕ ಹಾಕುತ್ತವೆ ಎನ್ನುತ್ತಾರೆ. ಇದು ಸತ್ಯ, ನಮ್ಮ ವಾದಕ್ಕೆ ಬೆಂಬಲವೂ ಹೌದು. ಬೀನಿಯಾವ್‌ಸ್ಕಿಯ 1989ರ ಪಟ್ಟಿಯಲ್ಲಿ ನೂರಕ್ಕೆ ಕಲ್ಲಿನ ಬಲಕ್ಕೆ ಇರುವುದು 15 ಅಂಕ. ಸೀಳುಗಳ ಸ್ಥಿತಿಗೆ 30, ಅವುಗಳ ಅಂತರಕ್ಕೆ 20, ಕೊರೆದ ಉರುಳೆಯ ಇಡಿತನಕ್ಕೆ 20, ನೀರಿಗೆ 15. ಬಲ ಎಂಬುದು ಎಂಬತ್ತೈದರ ಎದುರು ಹದಿನೈದು. ಆದರೆ ಈ ಅಂಕಗಳು ಇಡೀ ಗೋಡೆಯ ಸರಾಸರಿ ಹೇಳುತ್ತವೆ ಎಂಬುದು ತೊಡಕು. ಹತ್ತು ಮೀಟರ್ ಗೋಡೆಯಲ್ಲಿ 20 ಸೆಂ.ಮೀ. ಕೆಂಪು ಪದರ ನೂರಕ್ಕೆ ಎರಡು ಪಾಲು. ಸರಾಸರಿಯಲ್ಲಿ ಅದು ಮುಳುಗಿಹೋಗುತ್ತದೆ, ಗೋಡೆಗೆ "ಉತ್ತಮ" ಎಂಬ ದರ್ಜೆ ಸಿಗುತ್ತದೆ. ದರ್ಜೆ ಸಿಕ್ಕಮೇಲೆ ಮತ್ತೆ ಗೋಡೆಯ ಕಡೆ ತಿರುಗಿ ನೋಡುವವರು ಕಡಿಮೆ. ಅಳತೆಯ ರೂಢಿಯಲ್ಲೇ ಇನ್ನೊಂದು ಓರೆಯಿದೆ. ಅಂತರರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಘ 1978ರಲ್ಲಿ ಸೂಚಿಸಿದ ವಿಧಾನದಲ್ಲಿ ಸ್ಮಿತ್ ಸುತ್ತಿಗೆಯ 20 ಓದುಗಳಲ್ಲಿ ಕೆಳಗಿನ ಹತ್ತನ್ನು ಬಿಟ್ಟು ಮೇಲಿನ ಹತ್ತರ ಸರಾಸರಿ ತೆಗೆಯಬೇಕಿತ್ತು. ಬಿರುಕಿನ ಪಕ್ಕ ಹೊಡೆಯಬಾರದೆಂಬ ಎಚ್ಚರಿಕೆಯೂ ಇದೆ. ಕಲ್ಲಿನ ಗುಣ ತಿಳಿಯಲು ಇದು ಒಪ್ಪುವ ಕ್ರಮ. ಅಪಾಯ ತಿಳಿಯಲು ಬೇಕಾದದ್ದಾದರೋ ಬಿಟ್ಟುಬಿಟ್ಟ ಆ ಹತ್ತು ಓದುಗಳೇ. ಸಡಿಲಗೊಂಡ ಬಂಡೆ ಸುತ್ತಿಗೆಯನ್ನು ಸರಿಯಾಗಿ ಪುಟಿಸುವುದಿಲ್ಲ. ತಗ್ಗಿದ ಸಂಖ್ಯೆ ಅದರ ಸಡಿಲದ ಗುರುತು. ನಂತರದ ಪರಿಷ್ಕರಣೆಯಲ್ಲಿ ಓದುಗಳನ್ನು ಬಿಡುವ ರೂಢಿಯನ್ನು ಕೈಬಿಟ್ಟದ್ದು ಒಳ್ಳೆಯದಾಯಿತು.

ನಕ್ಷೆ ಬರೆಯುವ ಬಗೆಯಲ್ಲೂ ಇದೇ ಎಡವಟ್ಟು. ಹತ್ತಾರು ಬಿಂದುಗಳಲ್ಲಿ ಅಳೆದು, ನಡುವಿನ ಜಾಗವನ್ನು ಕಂಪ್ಯೂಟರಿನಿಂದ ತುಂಬಿಸಿ ಬಣ್ಣ ಬಳಿಯುವುದು ಈಗಿನ ಪದ್ಧತಿ. ತಿಕೋಟಾದ ಮಡ್ಡಿಯ ಮೇಲೆ 150, ಡೋಣಿಯ ತಗ್ಗಿನಲ್ಲಿ 50 ಎಂದು ಬಂದರೆ ನಡುವಿನ ಇಳಿಜಾರಿಗೆ 100 ಎಂದು ತುಂಬುತ್ತದೆ. ನೆಲದಲ್ಲಿ ನೂರರ ಕಲ್ಲು ಎಲ್ಲಿಯೂ ಇರಲಿಕ್ಕಿಲ್ಲ. ಇರುವುದು 150ರ ಪದರ, ಅದರ ಕೆಳಗೆ ಎಂಟರದೋ ಹತ್ತರದೋ ಒಂದು ಪಟ್ಟಿ, ಆಮೇಲೆ 50ರದು. ಪದರಗಳು ಮಟ್ಟಸವಾಗಿ ಮಲಗಿವೆ ಎಂದು ಆಗಲೇ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಬಾವಿಯಲ್ಲಿ ಕೆಂಪು ಪಟ್ಟಿ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ತಿಳಿದರೆ, ಪಕ್ಕದ ಹೊಲದ ಬಾವಿಯಲ್ಲೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಅದನ್ನು ಹುಡುಕಬಹುದು. ಹೀಗೆ ಎತ್ತರವೇ ನಕ್ಷೆಯ ಕೀಲಿ. ಲಾವಾ ಹರಿವುಗಳು ನಾಲಗೆ ಚಾಚಿದಂತೆ ಹರಿಯುತ್ತವೆ, ಕೆಂಪು ಪದರ ಎಲ್ಲೆಂದರಲ್ಲಿ ಕಡಿದುಹೋಗುತ್ತದೆ, ಎತ್ತರವನ್ನು ನಂಬಲಾಗದು ಎಂದು ಯಾರಾದರೂ ಹೇಳಬಹುದು. ಕಡಿದುಹೋಗುವುದು ನಿಜ. ಆದರೆ ಎತ್ತರದ ಊಹೆ ತಪ್ಪಾದರೆ ಒಂದು ಬಾವಿಯನ್ನು ಸುಮ್ಮನೆ ಪರೀಕ್ಷಿಸಿದಂತಾಗುತ್ತದೆ. ಸರಾಸರಿಯ ಬಣ್ಣ ತಪ್ಪಾದರೆ ಪರೀಕ್ಷಿಸಬೇಕಾದ ಬಾವಿಯನ್ನು ಬಿಟ್ಟಂತಾಗುತ್ತದೆ. ಎರಡು ತಪ್ಪಿಗೂ ಒಂದೇ ಬೆಲೆಯಲ್ಲ.

ಇನ್ನು, ಬಾವಿ ಕಡಿಯುವವರಿಗೂ ಖಣಿಯಲ್ಲಿ ಕಲ್ಲು ಒಡೆಯುವವರಿಗೂ ಇದೆಲ್ಲ ಗೊತ್ತೇ ಇದೆ, ನಕ್ಷೆ ಯಾಕೆ ಎಂಬ ಮಾತು. ಗೊತ್ತಿರುವುದು ಹೌದು. ಹಾರೆಯಿಂದ ತಟ್ಟಿದಾಗ ಕಣಿಲೆಂದರೆ ಕಲ್ಲು ಗೋಡೆಗೆ ಹತ್ತಿಕೊಂಡಿದೆ, ಟೊಳ್ಳಾಗಿ ಕೇಳಿದರೆ ಹಿಂದೆ ಸೀಳು ಬಾಯಿಬಿಟ್ಟಿದೆ. ಈ ಪರೀಕ್ಷೆ ಯಾವ ಯಂತ್ರಕ್ಕೂ ಕಡಿಮೆಯಲ್ಲ, ಜಗತ್ತಿನ ಗಣಿಗಳಲ್ಲೆಲ್ಲ ಇಂದಿಗೂ ಇದನ್ನೇ ಮಾಡುತ್ತಾರೆ. ನಕ್ಷೆ ಬರೆಯುವವರು ಮೊದಲು ಕೂತು ಕೇಳಬೇಕಾದದ್ದು ಇವರನ್ನೇ. ಆದರೆ ಆ ತಿಳಿವಳಿಕೆ ಬೆಳೆದದ್ದು ಬರದ ನೆಲದಲ್ಲಿ, ವರ್ಷದ ಬಹುಭಾಗ ಬಾವಿಗಳು ಬತ್ತಿ ಗೋಡೆಗಳು ಒಣಗಿರುತ್ತಿದ್ದ ಕಾಲದಲ್ಲಿ. ಈಗ ಕೃಷ್ಣೆಯ ನೀರು ಏತದ ಮೂಲಕ ಈ ತಾಲೂಕುಗಳಿಗೆ ಏರಿದೆ. ಕೆರೆ ತುಂಬಿಸುತ್ತಾರೆ, ಮಮದಾಪುರದಂಥ ಹಳೆಯ ದೊಡ್ಡ ಕೆರೆಗಳ ಸೀಮೆಯಲ್ಲೂ ಅಂತರ್ಜಲ ಮೇಲೇರುತ್ತದೆ. ರೈತನಿಗೆ ಇದು ಭಾಗ್ಯ. ಕೆಂಪು ಪದರಕ್ಕೆ ಇದು ಹೊಸ ಕಾಲಮಾನ: ಲಾವಾ ಹರಿವುಗಳ ನಡುವಿನ ಸಂದೇ ಈ ನೆಲದಲ್ಲಿ ನೀರು ಹರಿಯುವ ದಾರಿ, ಆ ಸಂದಿನಲ್ಲೇ ಆ ಪದರವೂ ಇದೆ. ವರ್ಷದ ಬಹುಭಾಗ ಒಣಗಿ ಗಟ್ಟಿಯಾಗಿ ನಿಲ್ಲುತ್ತಿದ್ದ ಪಟ್ಟಿ ಈಗ ವರ್ಷಕ್ಕೆ ಹಲವು ಬಾರಿ ನೆನೆದು ಆರಬೇಕು. ಹಳೆಯ ಅನುಭವ ಇಷ್ಟು ಏರಿಳಿತವನ್ನು ಕಂಡದ್ದಲ್ಲ. ಜೊತೆಗೆ ಭೂಕಂಪನದ ಮಾತೂ ಇದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಇದೇ ಲಾವಾ ನೆಲದಲ್ಲಿ ಆದದ್ದು. 2021-22ರಲ್ಲಿ ವಿಜಯಪುರ ಜಿಲ್ಲೆಯಲ್ಲೇ ಜನ ಹಲವು ಲಘು ಕಂಪನಗಳನ್ನು ಅನುಭವಿಸಿದರು. ಅಂಥ ಕಂಪನ ಮನೆ ಬೀಳಿಸದಿರಬಹುದು. ಆಗಲೇ ಅಂಚಿಗೆ ಬಂದು ನಿಂತ ಕಂಬವನ್ನು ಮಗುಚಲು ಅಷ್ಟು ಬಲ ಬೇಕಿಲ್ಲ.

ಕಾನೂನು ಈ ವಿಷಯವನ್ನು ಅರ್ಧ ಮಾತ್ರ ಕಾಣುತ್ತದೆ. 1961ರ ಮೆಟಾಲಿಫೆರಸ್ ಗಣಿ ನಿಯಮಾವಳಿಯ ಪ್ರಕಾರ ಗಟ್ಟಿ ನೆಲದ ತೆರೆದ ಗಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಮೆಟ್ಟಿಲಿನ ಎತ್ತರ 6 ಮೀಟರ್ ಮೀರಬಾರದು. ನಿಯಮ ಒಳ್ಳೆಯದೇ. ಆದರೆ ಗಟ್ಟಿ ನೆಲ ಯಾವುದು ಎಂಬುದನ್ನು ಅದು ಪದರದ ಲೆಕ್ಕದಲ್ಲಿ ಕೇಳುವುದಿಲ್ಲ. ಮೆಟ್ಟಿಲಿನ ಬುಡ ಕೆಂಪು ಪಟ್ಟಿಯ ಮೇಲೆ ಬಿದ್ದರೆ ಆರು ಮೀಟರೂ ಹೆಚ್ಚು. ಪಟ್ಟಿಯನ್ನು ಮೆಟ್ಟಿಲಿನ ತಲೆಗೆ ಬರುವಂತೆ ಕಡಿದರೆ ಅದೇ ಆರು ಮೀಟರ್ ನಿರಾತಂಕವಾಗಿ ನಿಲ್ಲುತ್ತದೆ. ಒಂದು ಮೀಟರ್ ಮೇಲೋ ಕೆಳಗೋ ಕಡಿಯುವುದಕ್ಕೆ ಹೆಚ್ಚಿನ ಖರ್ಚಿಲ್ಲ, ಪಟ್ಟಿ ಎಲ್ಲಿದೆ ಎಂದು ಮೊದಲೇ ತಿಳಿದಿದ್ದರೆ. ರೈತರ ಬಾವಿಗಂತೂ ಈ ನಿಯಮ ಅನ್ವಯಿಸುವುದೇ ಇಲ್ಲ.

ಇವೆಲ್ಲವನ್ನು ಗಮನಿಸಿದರೆ ಈ ಸೀಮೆಗೆ ಒಪ್ಪುವ ನಕ್ಷೆಯ ರೂಪ ಗೊತ್ತಾಗುತ್ತದೆ. ಹೋಬಳಿಗೊಂದು ಹಾಳೆ ಸಾಕು, ಅಳತೆ 1:5,000ದ ಆಸುಪಾಸು ಇರಲಿ. ಅದರಲ್ಲಿ ಬಣ್ಣದ ಹರವಿನ ಬದಲು ಪ್ರತಿ ಬಾವಿ, ಖಣಿ, ಕಾಲುವೆಯ ಕಡಿತಕ್ಕೆ ಒಂದು ಸಣ್ಣ ನಿಲುವುಚಿತ್ರ: ಪದರಗಳ ಕ್ರಮ, ಅವುಗಳ ಎತ್ತರ, ಸೀಳುಗಳ ಅಂತರ, ಬುಡ ಒಳಸರಿದ ಆಳ. ಸ್ಮಿತ್ ಸುತ್ತಿಗೆಯ ಸಂಖ್ಯೆಯೂ ಇರಲಿ, ಆದರೆ ಪ್ರತಿ ಪದರಕ್ಕೆ ಬೇರೆಬೇರೆಯಾಗಿ, ಅತಿ ಕಡಿಮೆ ಓದು ಎದ್ದು ಕಾಣುವಂತೆ. ಕೆಂಪು ಪದರಕ್ಕೆ ಸುತ್ತಿಗೆ ಉಪಯೋಗವಿಲ್ಲ; ಅದರ ಹೆಂಟೆಯನ್ನು ಜಾಲರಿಯ ಡಬ್ಬಿಯಲ್ಲಿಟ್ಟು ನೀರಿನಲ್ಲಿ ಹತ್ತು ನಿಮಿಷ ಉರುಳಿಸಿ, ಒಣಗಿಸಿ, ಮತ್ತೆ ಉರುಳಿಸಿ, ಎಷ್ಟು ಉಳಿಯಿತೆಂದು ತೂಗುವ ಕರಗುವಿಕೆಯ ಪರೀಕ್ಷೆ ಸಾಕು. ಡ್ರೋನ್ ಇದ್ದರೆ ಖಣಿಯ ಗೋಡೆಗೆ ಹತ್ತಿರ ಹೋಗದೆ ಸೀಳುಗಳನ್ನು ಅಳೆಯಬಹುದು. ಬಾವಿಗೆ ಹಗ್ಗ, ಟೇಪು, ಮೊಬೈಲಿನ ಕ್ಯಾಮೆರಾ ಸಾಕಾಗುತ್ತವೆ. ಅಳೆಯುವ ಹೊತ್ತು ಮುಖ್ಯ: ಮೇ ತಿಂಗಳ ಕೊನೆಯಲ್ಲಿ ನೀರು ಅತಿ ಕೆಳಗಿರುವಾಗ ಒಮ್ಮೆ, ಹಿಂಗಾರಿ ಮುಗಿದು ನೀರು ಇಳಿಯತೊಡಗಿದಾಗ ಇನ್ನೊಮ್ಮೆ. ಎರಡನೆಯ ಅಳತೆಯಲ್ಲಿ ಬುಡದ ಒಳಸರಿತ ಕಂಬದ ದಪ್ಪದ ಮೂರನೇ ಒಂದು ಪಾಲು ದಾಟಿದ್ದರೆ ಹೂಳೆತ್ತಲು ಯಾರನ್ನೂ ಇಳಿಸುವ ಮೊದಲು ಆ ಕಂಬವನ್ನು ಮೇಲಿನಿಂದ ಕೆಡವಬೇಕು, ಇಲ್ಲವೇ ಪಟ್ಟಿಯ ಬಾಯಿಗೆ ಕಲ್ಲು-ಸಿಮೆಂಟು ಕಟ್ಟಿ ನೀರು ತಾಗದಂತೆ ಮುಚ್ಚಬೇಕು. ಕಾಲುವೆ ಹೊಸದಾಗಿ ಬಂದ ಊರಿನ ಹಾಳೆಯನ್ನು ಮೊದಲ ಎರಡು-ಮೂರು ವರ್ಷ ಪ್ರತಿ ಸಲವೂ ಹೊಸದಾಗಿ ಬರೆಯಬೇಕಾಗುತ್ತದೆ, ಏಕೆಂದರೆ ಪಟ್ಟಿ ಹೆಚ್ಚು ಉದುರುವುದು ಅದು ಮೊದಮೊದಲು ನೆನೆಯುವ ಆ ವರ್ಷಗಳಲ್ಲೇ.